ಕರಿಮಣ್ಣಿನ ಕಾಲುವೆ

ಚಂಡೀಗಢ
ಏಪ್ರಿಲ್ 18, 2002

ಪ್ರೀತಿಯ ಅಚೊ,

ಮಾರ್ಚಿನಲ್ಲಿ ಬರೆದ ಎರಡು ಕಾಗದಗಳಿಗೆ ಉತ್ತರವಿಲ್ಲ. ಹಿಮ ಬಿದ್ದು ದಾರಿ ಮುಚ್ಚಿತ್ತು ಎಂದು ನೀನು ನೆಪ ಹೇಳಬಹುದು. ಈ ಚಳಿಗಾಲ ಹಿಮವೇ ಸರಿಯಾಗಿ ಬೀಳಲಿಲ್ಲ ಎಂದು ಕಾಜಾ ಪೇಟೆಯಿಂದ ಬಂದವರೆಲ್ಲ ಹೇಳುತ್ತಿದ್ದಾರೆ. ಅಣ್ಣನಾದವನು ಒಂದು ಕಾರ್ಡು ಗೀಚಿ ಹಾಕಿದ್ದರೆ ಕೈ ಸವೆದುಹೋಗುತ್ತಿತ್ತೇ?

ಆ ಕಾಗದಗಳಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೇನೆ. ನಮ್ಮ ಕರಿಬಟಾಣಿ ಹೊಲದ ಮೇಲಿನ ಕೊರಕಲನ್ನು ಯಾರೂ ಅಗೆಯದಂತೆ ನೋಡಿಕೋ. ಹೋದ ಬೇಸಿಗೆಯಲ್ಲಿ ನಾನು ಬಿಳಿ ಬಣ್ಣದಲ್ಲಿ ಅಂಕಿ ಬರೆದು ಬಂದಿದ್ದೇನಲ್ಲ, ಅದೇ ಜಾಗ. ಸ್ಪಿತಿಯ ಕರಿಜೇಡಿ ಬಂಡೆ ಎಂದರೆ ಇಲ್ಲಿ ನನ್ನ ಪ್ರೊಫೆಸರ್ ಕೂಡ ಕನ್ನಡಕ ತೆಗೆದು ಒರೆಸಿಕೊಂಡು ಮಾತಾಡುತ್ತಾರೆ. ಹದಿನೈದು ಕೋಟಿ ವರ್ಷಗಳ ಹಿಂದೆ ನಮ್ಮೂರು ಸಮುದ್ರದ ತಳವಾಗಿತ್ತು ಎಂದು ಹೇಳಿದಾಗಲೆಲ್ಲ ನೀನು ಆಕಳಿಸುತ್ತೀಯ. ಆಕಳಿಸು, ಆದರೆ ಇದೊಂದು ಮಾತು ಕೇಳು. ಆ ತಳದ ಕೆಸರು ಪದರದ ಮೇಲೆ ಪದರವಾಗಿ ಕೂತಿದೆ. ಅದರೊಳಗೆ ಆ ಸಮುದ್ರದ ಜೀವಿಗಳು ಕಲ್ಲಾಗಿ ಉಳಿದಿವೆ. ಕೆಳಗಿನ ಪದರದಲ್ಲಿ ಬೆರಳುಕಲ್ಲು ಹೆಚ್ಚು. ಮೇಲೆ ಹೋದ ಹಾಗೆ ಸುರುಳಿಕಲ್ಲು, ಅದರಲ್ಲೂ ಒಂದೊಂದು ಪದರಕ್ಕೂ ಒಂದೊಂದು ಬಗೆ. ಕೆಳಗೆ ಉರುಳಿ ಬಿದ್ದ ಸುರುಳಿಕಲ್ಲು ಎಷ್ಟೇ ಚೆನ್ನಾಗಿದ್ದರೂ ನನಗೆ ಬರೀ ಕಲ್ಲು. ಯಾವ ಪದರದ್ದು ಎಂದು ಗೊತ್ತಿದ್ದರೆ ಮಾತ್ರ ಅದು ಏನನ್ನಾದರೂ ಹೇಳುತ್ತದೆ. ಬುಡದಿಂದ ತುದಿಯವರೆಗೆ ಕಲಕದೆ ಉಳಿದ ಜಾಗ ನಾನು ನೋಡಿದ್ದರಲ್ಲಿ ಅದೊಂದೇ. ನನ್ನ ಇಡೀ ಪ್ರಬಂಧ ಅಲ್ಲಿದೆ.

ಜುಲೈನಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ.

ನಿನ್ನ ತಂಗಿ
ಪಲ್ಮೋ


ಸಾನಗ್
ಮೇ 9

ಪಲ್ಮೋ,

ನಿನ್ನ ಮಾರ್ಚಿನ ಎರಡು ಕಾಗದಗಳೂ ಏಪ್ರಿಲಿನದೂ ಒಂದೇ ದಿನ ಬಂದವು. ಮೂರನ್ನೂ ಸಾಲಾಗಿ ಓದಿದೆ. ಮೂರರಲ್ಲೂ ಕಲ್ಲು. ಅಮಾಳ ಮೊಣಕಾಲು ಹೇಗಿದೆ ಎಂದು ಒಂದರಲ್ಲೂ ಇಲ್ಲ. ಊದಿಕೊಂಡಿದೆ, ನೀನು ಕೇಳದಿದ್ದರೂ ಹೇಳುತ್ತೇನೆ.

ನಿನ್ನ ಬಿಳಿ ಅಂಕಿಗಳ ವಿಷಯ. ನೀನು ಅತ್ತ ಹೋದದ್ದೇ ತಡ, ಅವು ರಸ್ತೆ ಅಳೆಯುವವರ ಗುರುತು ಎಂದು ಅತ್ತೆ ಕುಂಜೋಮ್ ತೀರ್ಮಾನಿಸಿಬಿಟ್ಟಳು. "ನಮ್ಮನೆ ಬಾಗ್ಲಲ್ಲೇ ಬಸ್ಸು ನಿಲ್ಲುತ್ತೆ, ನೋಡ್ತಾ ಇರಿ" ಎಂದು ಊರಿಗೆಲ್ಲ ಅಮಲೇರುವಷ್ಟು ಛಾಂಗ್ ಕುಡಿಸಿದಳು. ರಸ್ತೆಯಲ್ಲ, ಪಲ್ಮೋಳ ಓದು ಎಂದು ನಾನು ಹೇಳಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ಸಿಟ್ಟು. ಅಂಕಿ ಬರೆದವಳು ನೀನು, ಬೈಸಿಕೊಳ್ಳುವವನು ನಾನು.

ಈಗ ನನ್ನ ಮಾತು ಕೇಳು. ಹಳೆಯ ಕಾಲುವೆ ಹೋಯಿತು. ಪ್ರತಿ ವರ್ಷ ಒಂದೊಂದು ಕಡೆ ಕುಸಿಯುತ್ತಿದ್ದದ್ದು ಈ ಸಲ ಉದ್ದಕ್ಕೂ ಜಾರಿ ಕಣಿವೆಗೆ ಬಿತ್ತು. ಹಿಮ ಕಡಿಮೆ, ಹೊಳೆಯಲ್ಲಿ ನೀರೂ ಕಡಿಮೆ. ಜವೆ ಬಿತ್ತಿ ಆಗಿದೆ. ಹೆಂಗಸರು ಬುಗ್ಗೆಯಿಂದ ಡಬ್ಬದಲ್ಲಿ ಹೊತ್ತು ಹುಯ್ಯುತ್ತಿದ್ದಾರೆ. ಡಬ್ಬದ ನೀರಿನಿಂದ ಹೊಲ ಆಗುತ್ತದೆಯೇ? ಈ ವರ್ಷ ಊರಿನ ಹಿರಿತನದ ಸರದಿ ನನ್ನದು. ಸಭೆ ಕೂಡಿಸಿದೆ. ಹೊಸ ಕಾಲುವೆಗೆ ಇರುವ ದಾರಿ ಒಂದೇ, ನಿನ್ನ ಕೊರಕಲು. ಮೇಲಿನ ಮರಳುಗಲ್ಲಿನ ಗೋಡೆಗೆ ಸುತ್ತಿಗೆ ನಾಟುವುದಿಲ್ಲ, ಮದ್ದಿಟ್ಟು ಸಿಡಿಸಬೇಕು. ಕೆಳಗಿಳಿಸಿದರೆ ನೀರು ಹೊಲಕ್ಕೆ ಹತ್ತುವುದಿಲ್ಲ.

ಹೊಳೆಯ ಕಡೆಯಿಂದ ಕಡಿಯಲು ಶುರುಮಾಡಿದ್ದೇವೆ. ನಿನ್ನ ಅಂಕಿಗಳವರೆಗೆ ಇನ್ನೂ ಬಂದಿಲ್ಲ.

ತಕ್ಪಾ


ಚಂಡೀಗಢ
ಮೇ 28

ಅಚೊ,

ನಿನ್ನ ಕಾಗದ ಓದಿ ನನಗೆ ಊಟ ಸೇರಲಿಲ್ಲ. ನಿಲ್ಲಿಸು. ಜುಲೈವರೆಗೆ ನಿಲ್ಲಿಸು ಎಂದರೆ ನಿಲ್ಲಿಸು. ಬೇರೆ ದಾರಿ ಇಲ್ಲ ಎಂದು ಯಾರು ಹೇಳಿದರು? ಛಾಂಗ್ ಕುಡಿಯುತ್ತ ನಡೆದ ಸಭೆ ತಾನೇ?

ಇನ್ನೊಂದು ಮಾತು. ಮನಾಲಿಯ ಒಂದು ಅಂಗಡಿಯಲ್ಲಿ ನಮ್ಮೂರಿನ ಸುರುಳಿಕಲ್ಲುಗಳನ್ನು ತಟ್ಟೆಯಲ್ಲಿ ರಾಶಿ ಹಾಕಿ, ಸಾಲಿಗ್ರಾಮ ಎಂದು ಯಾತ್ರಿಕರಿಗೆ ಮಾರುತ್ತಿದ್ದದ್ದನ್ನು ಕಣ್ಣಾರೆ ಕಂಡೆ. ಎಲ್ಲಿಂದ ಬಂತು ಎಂದು ಕೇಳಿದರೆ, "ಸಾನಗ್ ಮಾಲು ಮೇಡಂ, ಮೂಟೆ ಲೆಕ್ಕದಲ್ಲಿ ಬರುತ್ತೆ" ಎಂದ. ಮೂಟೆ! ನಮ್ಮೂರಿನಲ್ಲಿ ಯಾರೋ ಸುತ್ತಿಗೆ ಹಿಡಿದು ಗುಡ್ಡವನ್ನೇ ಸುಲಿಯುತ್ತಿದ್ದಾರೆ, ಊರಿನ ಹಿರಿಯನಾದ ನಿನಗೆ ಗೊತ್ತಿಲ್ಲ. ಅದಕ್ಕೇ ಕಾಜಾದ ಸರ್ಕಾರಿ ಕಚೇರಿಗೆ ದೂರು ಬರೆದಿದ್ದೇನೆ. ಸಾನಗ್ ಗುಡ್ಡದಲ್ಲಿ ಅಗೆತ ನಡೆಯುತ್ತಿದೆ, ಬೆಲೆಕಟ್ಟಲಾಗದ ವಸ್ತು ಹಾಳಾಗುತ್ತಿದೆ, ತಕ್ಷಣ ತಡೆಯಿರಿ ಎಂದು. ಆ ವ್ಯಾಪಾರಿಗಳಿಗೆ ಬುದ್ಧಿ ಬರಲಿ.

ಅಮಾಳ ಮೊಣಕಾಲಿಗೆ ಎಣ್ಣೆ ಕಳಿಸಿದ್ದೇನೆ.

ಪಲ್ಮೋ


ಸಾನಗ್
ಜೂನ್ 17

ಪಲ್ಮೋ,

ನಿನ್ನ ದೂರು ತಲುಪಿತು. ನಿನ್ನ ಕಾಗದಕ್ಕಿಂತ ಮೊದಲೇ ತಲುಪಿತು. ಅಂಚೆ ಇಲಾಖೆ ಒಂದೇ ಸಲ ಚುರುಕಾಗಿ ಕೆಲಸ ಮಾಡಿತು, ಅದೂ ಇದಕ್ಕೆ.

ಜೀಪಿನಲ್ಲಿ ಮೂವರು ಬಂದರು. ಊರಿಗೆ ಊರೇ ಕೊರಕಲಿನ ಬಾಯಲ್ಲಿ ಗುದ್ದಲಿ ಹಿಡಿದು ನಿಂತಿತ್ತು.

"ಇಲ್ಲಿ ಅಗೀತಾ ಇರೋರು ಯಾರು?" ಎಂದ ಅಧಿಕಾರಿ.

"ಎಲ್ರೂ ಸಾಹೇಬ್ರೇ" ಎಂದೆ.

"ಗುಡ್ಡದಿಂದ ಕಲ್ಲು ತೆಗೀತಾ ಇದೀರಂತೆ?"

"ಕಲ್ಲು ತೆಗೀದೆ ಕಾಲುವೆ ಹೆಂಗಾಗುತ್ತೆ?"

"ಅದೆಲ್ಲ ನಂಗೊತ್ತಿಲ್ಲ. ದೂರು ಬಂದಿದೆ, ಕೆಲಸ ನಿಲ್ಸಿ. ದೂರು ಕೊಟ್ಟಿರೋದು ನಿಮ್ಮೂರೋರೇ. ಓದಿದೋರು."

ಎಲ್ಲರೆದುರು ಹೆಸರನ್ನೂ ಓದಿದ. ನಮ್ಮ ಮನೆಯ ಹೆಸರು, ಅಪ್ಪನ ಹೆಸರು, ಕೊನೆಗೆ ನಿನ್ನ ಹೆಸರು. ಊರವರು ಗುದ್ದಲಿಗಳನ್ನು ನನ್ನ ಮುಂದೆ ಒಂದೊಂದಾಗಿ ಇಟ್ಟು ಹೊರಟುಹೋದರು. ಅತ್ತೆ ಕುಂಜೋಮ್ ಮಾತ್ರ ನಿಂತು, "ಅವಳನ್ನ ಓದ್ಸೋಕೆ ನಾನೂ ಎರಡು ಕುರಿ ಕೊಟ್ಟಿದ್ದೆ ತಕ್ಪಾ" ಎಂದಳು. ನಿನ್ನ ವ್ಯಾಪಾರಿಗಳ ಕೂದಲೂ ಕೊಂಕಿಲ್ಲ. ಕಚೇರಿಯವರು ಅವರನ್ನು ಕೇಳಲೂ ಇಲ್ಲ, ನೋಡಲೂ ಇಲ್ಲ.

ಮಾರನೆಯ ದಿನ ಹಿರಿತನ ಬಿಟ್ಟುಕೊಟ್ಟೆ. ಕೊಡದಿದ್ದರೆ ಅವರೇ ಕಿತ್ತುಕೊಳ್ಳುತ್ತಿದ್ದರು. ಕಾಲುವೆ ಅರ್ಧಕ್ಕೆ ನಿಂತಿದೆ. ಕರಿಬಟಾಣಿ ಬಾಡಿ ನೆಲ ಹಿಡಿದಿದೆ.

ಜುಲೈನಲ್ಲಿ ಬರುತ್ತೇನೆ ಎಂದು ನೀನು ಬರೆದಿದ್ದೆ. ಈ ಮನೆಗೆ ಬರಬೇಡ.

ತಕ್ಪಾ


ಸಾನಗ್
ಜೂನ್ 29

ಮಗಳು ಪಲ್ಮೋಗೆ ನಿನ್ನ ತಾಯಿಯ ಆಶೀರ್ವಾದ. ಬರೆಯುತ್ತಿರುವವನು ಶಾಲೆಯ ನೇಗಿ ಮಾಸ್ತರ್.

ನಿನ್ನ ಅಮಾ ಹೇಳುತ್ತಾರೆ: ಬರಬೇಡ ಎಂದು ನಿನ್ನ ಅಣ್ಣ ಬರೆದನಂತೆ. ಬರಬೇಡ ಎನ್ನಲು ಅವನ್ಯಾರು? ದೊಡ್ಡ ಮನೆ ಅವನದು, ಸರಿ. ಅವನ ಮದುವೆಯಾದ ಮೇಲೆ ಪದ್ಧತಿಯಂತೆ ನಾನು ಪಕ್ಕದ ಸಣ್ಣ ಮನೆಗೆ ಬಂದೆ. ಸಣ್ಣ ಮನೆ ನನ್ನದು. ನನ್ನ ಮನೆಗೆ ಬಾ.

ನಿನ್ನ ಅಮಾ ಹೇಳುತ್ತಾರೆ: ಅವನು ಯಾಕ್‌ಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿ ಕೂತಿದ್ದಾನೆ. ಊರಿನವರ ಮುಖ ನೋಡಲಾರನಂತೆ. ನಿನ್ನ ಅತ್ತಿಗೆ ಡೋಲ್ಕರ್ ಒಬ್ಬಳೇ ಹೊಲ, ಮನೆ ಎರಡೂ ನೋಡುತ್ತಿದ್ದಾಳೆ. ಅವನು ಕತ್ತೆ. ನೀನೂ ಕತ್ತೆ. (ಈ ಮಾತನ್ನು ಬರೆಯಬೇಕೇ ಎಂದು ಕೇಳಿದೆ. "ಬರೀರಿ ಮಾಸ್ತರೇ, ದೊಡ್ಡಕ್ಷರದಲ್ಲಿ ಬರೀರಿ" ಎಂದರು.)

ನಿನ್ನ ಅಮಾ ಹೇಳುತ್ತಾರೆ: ಕಾಗದ ಬರೆದು ನಿಲ್ಲಿಸಿದವಳು ಬಂದು ಬಿಡಿಸಬೇಕು. ಕಾಗದದಿಂದ ಆದದ್ದು ಕಾಗದದಿಂದ ಹೋಗುವುದಿಲ್ಲ, ಕಾಲಿಂದಲೇ ಬರಬೇಕು.

ಇಷ್ಟು ಹೇಳಿ, ಮೊಣಕಾಲಿನ ಎಣ್ಣೆ ದುರ್ವಾಸನೆ, ಯಾಕ್‌ಗೆ ಹಚ್ಚಿದೆ, ಅದಕ್ಕೆ ಗುಣವಾಯಿತು ಎಂದು ತಿಳಿಸಲು ಹೇಳಿದ್ದಾರೆ.

ಅವರ ಪರವಾಗಿ
ನೇಗಿ


ಸಾನಗ್, ಅಮಾಳ ಮನೆ
ಜುಲೈ 12

ಅಚೊ,

ಬಂದಿದ್ದೇನೆ. ನೀನಿರುವ ಹುಲ್ಲುಗಾವಲು ಇಲ್ಲಿಂದ ಅರ್ಧ ದಿನದ ದಾರಿ. ನೀನು ಇಳಿಯುವುದಿಲ್ಲ, ನಾನು ಹತ್ತಿದರೆ ನೀನು ಇನ್ನೂ ಮೇಲಕ್ಕೆ ಹತ್ತುತ್ತೀಯ. ಅದಕ್ಕೇ ಮೊಸರು ತರಲು ಹೋಗುವ ಡೋಲ್ಕರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. "ಎದುರು ಬದುರು ನಿಂತು ಬೈದಾಡೋಕೆ ಬರಲ್ವಾ ನಿಮಗೆ? ನಾನೇನು ಅಂಚೆಯವಳಾ?" ಎಂದು ಅವಳು ನನಗೆ ಬೈದು ಆಯಿತು, ನಿನಗೆ ಅಲ್ಲಿ ಬೈಯುತ್ತಾಳೆ.

ಬರುವ ದಾರಿಯಲ್ಲೇ ಕಚೇರಿಗೆ ಹೋದೆ. ನಾನು ವ್ಯಾಪಾರಿಗಳ ಬಗ್ಗೆ ಬರೆದದ್ದು, ಕಾಲುವೆಯ ಬಗ್ಗೆ ಅಲ್ಲ ಎಂದೆ. ಅಧಿಕಾರಿ ನನ್ನ ದೂರನ್ನು ನನ್ನ ಮುಂದೆಯೇ ಓದಿದ.

"'ಅಗೆತ' ಅಂತ ಬರ್ದಿದೀರಿ. ಯಾರ ಅಗೆತ ಅಂತ ಎಲ್ಲಿದೆ ತೋರ್ಸಿ?"

ಎಲ್ಲೂ ಇರಲಿಲ್ಲ.

"ಆಗ ಬೆಲೆಕಟ್ಟೋಕಾಗಲ್ಲ ಅಂದ್ರಿ, ಈಗ ಕಡಿಯೋಕೆ ಬಿಡಿ ಅಂತೀರಿ. ಅಲ್ಲೇನಿಲ್ಲ ಅಂತ ಬರ್ಕೊಡಿ, ಇವತ್ತೇ ಬಿಡ್ತೀನಿ."

ಅಲ್ಲಿ ಏನೂ ಇಲ್ಲ ಎಂದು ನಾನು ಹೇಗೆ ಬರೆಯಲಿ? ಪೆನ್ನು ಹಿಡಿದು ಕೂತೆ, ಆಗಲಿಲ್ಲ. ಇದೆ, ಆದರೆ ನೀರು ಮೊದಲು ಎಂದು ಬರೆದೆ. ಅದನ್ನು ಹಿಡಿದು ಅವನು ಮೇಲಿನವನ ಬಳಿ ಹೋದ, ಬಂದ, ಮತ್ತೆ ಹೋದ. ಕಡೆಗೆ, ನನಗೆ ಬೇಕಾದದ್ದನ್ನು ನನ್ನ ಕಣ್ಣೆದುರೇ ತೆಗೆಸಿಕೊಂಡ ಮೇಲೆ ಕಾಲುವೆ ಕಡಿಯಬಹುದು ಎಂದಾಯಿತು.

ಊರಿಗೆ ಬಂದು ಮೊದಲು ಮರಳುಗಲ್ಲಿನ ಗೋಡೆಯ ಉದ್ದಕ್ಕೂ ನಡೆದು ನೋಡಿದೆ. ನೀನು ಹೇಳಿದ್ದು ಸರಿ. ಬೇರೆ ದಾರಿ ಇಲ್ಲ.

ನಾನು ಒಬ್ಬಳೇ ಕೊರಕಲಿನ ಪದರಗಳನ್ನು ಬಿಡಿಸಲು ಹೋದರೆ ಮುಗಿಯುವಷ್ಟರಲ್ಲಿ ಹಿಮ ಬೀಳುತ್ತದೆ. ಸಭೆಗೆ ಹೋಗಿ ಕೈ ಮುಗಿದು ಕೇಳಿದೆ. ನನ್ನ ಮುಖ ನೋಡಿ ಯಾರೂ ಒಪ್ಪಲಿಲ್ಲ. ಹೊಲದ ಮುಖ ನೋಡಿ ಒಪ್ಪಿದರು. ನಾಳೆಯಿಂದ ಶುರು. ನೀನು ಬಂದರೆ ಎರಡು ಕೈ ಹೆಚ್ಚಾಗುತ್ತದೆ.

ಪಲ್ಮೋ


ಹುಲ್ಲುಗಾವಲು
ಜುಲೈ 14

ಪಲ್ಮೋ,

ಬರುವುದಿಲ್ಲ.

ಡೋಲ್ಕರ್ ಬೈದಳು. ಮೊಸರಿಗೆ ತಂದ ಪಾತ್ರೆಯನ್ನೂ ಕೆಳಗಿಡದೆ ಬೈದಳು.

ಗುದ್ದಲಿ ಹಿಡಿಯುವವರನ್ನು ಮೇಲಿನಿಂದ ಇಳಿಸುತ್ತ ಬಾ, ಕೆಳಗಿನಿಂದ ಶುರುಮಾಡಬೇಡ. ಕರಿಮಣ್ಣು ತಲೆಯ ಮೇಲೆ ಬೀಳುತ್ತದೆ. ಅತ್ತೆ ಕುಂಜೋಮಳಿಗೆ ಹೊರುವ ಕೆಲಸ ಮಾತ್ರ ಕೊಡು. ಅವಳಿಗೆ ಯಾವುದನ್ನೂ ನೋಡಿಕೋ ಎಂದು ಒಪ್ಪಿಸಬೇಡ. ನನ್ನ ಮದುವೆಯಲ್ಲಿ ಪಾತ್ರೆ ನೋಡಿಕೋ ಎಂದು ಒಪ್ಪಿಸಿದ್ದು ನೆನಪಿದೆಯಲ್ಲ? ನಾಲ್ಕು ಮನೆಯ ಪಾತ್ರೆ ಬೇರ್ಪಡಿಸಲು ಒಂದು ಚಳಿಗಾಲ ಹಿಡಿಯಿತು.

ತಕ್ಪಾ


ಸಾನಗ್
ಜುಲೈ 24

ಅಚೊ,

ನಿನ್ನ ಕಾಗದ ಒಂದು ದಿನ ಮೊದಲು ಬಂದಿದ್ದರೆ!

ಏನಾಯಿತು ಎಂದು ಹೇಳುತ್ತೇನೆ, ನಗಬೇಡ. ಮೇಲಿನಿಂದಲೇ ಇಳಿಸುತ್ತ ಬಂದೆವು. ಒಂದೊಂದು ಪದರದಲ್ಲೂ ಸುರುಳಿಕಲ್ಲು ಅಡಗಿರುವ ಕರಿಗುಂಡುಗಳನ್ನು ಬಿಡಿಸಿ, ಹೆಂಗಸರು ಬೆನ್ನಬುಟ್ಟಿಯಲ್ಲಿ ಹೊತ್ತು ತಂದು ಶಾಲೆಯ ಅಂಗಳದಲ್ಲಿ ಒಂದೊಂದು ಪದರಕ್ಕೂ ಒಂದೊಂದು ಸಾಲು ಮಾಡಿ ಇಡಬೇಕು. ಸಾಲಿನ ತುದಿಗೆ ಸೀಮೆಸುಣ್ಣದಲ್ಲಿ ಅಂಕಿ. ನಾನು ಕೊರಕಲು ಬಿಟ್ಟು ಕದಲುವಂತಿಲ್ಲ. ಅಂಗಳದಲ್ಲಿ ಯಾರಾದರೂ ಇರಬೇಕಿತ್ತು. ಅತ್ತೆ ಕುಂಜೋಮ್ ತಾನಾಗಿ, "ನಾನಿದೀನಲ್ಲ, ನೀನು ಹೋಗು" ಎಂದಳು. ಅಷ್ಟು ದಿನ ನನ್ನ ಜೊತೆ ಮಾತೇ ಆಡದವಳು! ನನಗೆ ಕಣ್ಣು ತುಂಬಿ ಬಂತು.

ಮೂರನೆಯ ಸಂಜೆ ಅಂಗಳಕ್ಕೆ ಬಂದು ನೋಡುತ್ತೇನೆ, ಮೇಲಿನ ಪದರಗಳ ಕಲ್ಲುಗಳೆಲ್ಲ ಅಡುಗೆಮನೆಯ ಹಲಗೆಯ ಮೇಲಿನ ಚೆಂಬುಗಳಂತೆ ಸಾಲಾಗಿ ನಿಂತಿವೆ. ದೊಡ್ಡದು, ಅದರ ಪಕ್ಕ ಅದಕ್ಕಿಂತ ಸಣ್ಣದು, ಹೀಗೆ ಕೊನೆಯವರೆಗೆ. ಒಡೆದವು ಬೇರೆ, ಹೊಳೆಯುವವು ಬೇರೆ. ಅಂಗಳ ಗುಡಿಸಿ ನೀರು ಚಿಮುಕಿಸಿ ಸೀಮೆಸುಣ್ಣವನ್ನೂ ಒರೆಸಿದ್ದಳು.

"ಅತ್ತೇ!" ಎಂದು ಕಿರುಚಿದೆ.

"ಹೇಗಿದೆ?" ಎಂದಳು. "ಓದಿದೋಳು ನೀನು, ತಿಪ್ಪೆ ಥರ ಸುರಿಸಿದ್ಯಲ್ಲ! ಊರಿಗೆ ಯಾರಾದ್ರೂ ದೊಡ್ಡೋರು ಬಂದ್ರೆ ಏನಂತಾರೆ?"

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಹೆದರಿ ಬೆಣ್ಣೆ ಚಹಾ ತಂದು ಬಾಯಿಗೆ ಹಿಡಿದಳು. ಬೈಯಬೇಕೆಂದು ಬಾಯಿ ತೆರೆದೆ, ಚಹಾ ಒಳಗೆ ಹೋಯಿತು. ಬೈದಿದ್ದರೂ ಏನು ಪ್ರಯೋಜನ? ಅವಳ ಎರಡು ಕುರಿಯ ಋಣ ನನ್ನ ಮೇಲಿದೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಆ ಮೇಲಿನ ಪದರಗಳೇ. ಆ ಹಳೆಯ ಸಮುದ್ರದ ಒಂದು ಕಾಲ ಮುಗಿದು ಇನ್ನೊಂದು ಶುರುವಾಗುವ ಜಾಗ. ಅದು ಹೋಯಿತು. ಕೆಳಗಿನ ಅರ್ಧ ಉಳಿಯಿತು. ಅರ್ಧಕ್ಕೆ ಪ್ರಬಂಧ ಬರೆಯುತ್ತೇನೆ. ಪ್ರೊಫೆಸರ್ ಒಪ್ಪಿದರೆ ಒಪ್ಪುತ್ತಾರೆ.

ಉಳಿದದ್ದನ್ನು ಎತ್ತಿದ ಮೇಲೆ ಊರವರೆಲ್ಲ ಸೇರಿ ಕೊರಕಲನ್ನು ಕಡಿದರು. ನಿನ್ನೆ ನೀರು ಬಿಟ್ಟೆವು. ಮೊದಲು ಕಪ್ಪಗೆ ಬಂತು, ಆಮೇಲೆ ಬೂದು, ಸಂಜೆಯ ಹೊತ್ತಿಗೆ ತಿಳಿಯಾಯಿತು. ಕರಿಬಟಾಣಿ ಹೋಯಿತು. ಜವೆ ಉಳಿಯುತ್ತದೆ. ನೀರು ನಮ್ಮ ಹೊಲಕ್ಕೆ ತಿರುಗಿದಾಗ ಆಚೆಯ ದಿಬ್ಬದ ಮೇಲೆ ಯಾರೋ ಯಾಕ್ ಹಿಡಿದು ನಿಂತಿದ್ದರು. "ತಕ್ಪಾ ಅಲ್ವಾ ಅದು?" ಎಂದಳು ಅಮಾ. ಅಲ್ಲ ಎಂದೆ. ಕೂಗಿದ್ದರೆ ಕೇಳಿಸುವಷ್ಟು ದೂರ. ನಾನು ಕೂಗಲಿಲ್ಲ.

ನಾಳೆ ಹೊರಡುತ್ತೇನೆ.

ಪಲ್ಮೋ


ಸಾನಗ್
ಸೆಪ್ಟೆಂಬರ್ 20

ಪಲ್ಮೋ,

ಜವೆ ಕೊಯ್ದು ಆಯಿತು. ಹೋದ ವರ್ಷದಷ್ಟಿಲ್ಲ, ಆದರೆ ಚಳಿಗಾಲ ಸಾಗುತ್ತದೆ. ಅಮಾ ನಡೆಯುತ್ತಿದ್ದಾಳೆ. ಎಣ್ಣೆಯಿಂದಲ್ಲ.

ನಿನ್ನ ಕಲ್ಲುಗಳು ನನ್ನನ್ನು ಸಾಯಿಸುತ್ತಿವೆ. ಕೊರಕಲಿನಲ್ಲಿ ಕಾಲುವೆಯನ್ನು ಆಳಕ್ಕೆ ಕಡಿದರಲ್ಲ, ಆ ಗುಡ್ಡದ ಕಡೆಯ ಗೋಡೆಯಿಂದ ದಿನಾ ಕರಿಗುಂಡುಗಳು ಉದುರುತ್ತವೆ. ಉದುರಿ ನೀರಿಗೆ ಅಡ್ಡ ಕೂರುತ್ತವೆ. ದಿನಾ ಬೆಳಿಗ್ಗೆ ಹೋಗಿ ಎತ್ತಿ ಕಣಿವೆಗೆ ಎಸೆಯುತ್ತೇನೆ. ಕಿರುಚಬೇಡ, ಬಿದ್ದ ಕಲ್ಲು ಬರೀ ಕಲ್ಲು ಎಂದು ನೀನೇ ಬರೆದಿದ್ದೆ.

ಮೊನ್ನೆ ಎತ್ತಿ ಎತ್ತಿ ಸುಸ್ತಾಗಿ ಎದುರಿಗೆ ಕೂತೆ. ಬಿಸಿಲು ಓರೆಯಾಗಿ ಗೋಡೆಯ ಮೇಲೆ ಬಿದ್ದಿತ್ತು. ಗೋಡೆ ತುಂಬ ಪಟ್ಟೆ. ಕರಿದು, ಬೂದು, ನಡುವೆ ತುಕ್ಕು ಹಿಡಿದಂಥದ್ದು, ಮತ್ತೆ ಕರಿದು. ಮೇಲೆ ಮರಳುಗಲ್ಲಿನವರೆಗೂ ಹೋಗಿದೆ. ಒಂದೊಂದು ಪಟ್ಟೆಯಲ್ಲೂ ಕರಿಗುಂಡುಗಳು ಅರ್ಧ ಹೊರಗೆ ಇಣುಕುತ್ತಿವೆ. ಗುದ್ದಲಿಯಿಂದ ಹೊಸದಾಗಿ ಕಡಿದದ್ದು, ಮೇಲೆ ಜಾರಿದ ಮಣ್ಣಿಲ್ಲ, ಕಸವಿಲ್ಲ. ಇದು ನಿನಗೆ ಬೇಕಾದದ್ದೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಅಂಗಳದಲ್ಲಿ ಕಲಸಿಹೋದದ್ದು ಮರಳುಗಲ್ಲಿಗೆ ತಾಗಿದ ಮೇಲಿನ ಪದರಗಳು ಎಂದು ಅಮಾ ಹೇಳಿದಳು, ಅವೂ ಈ ಗೋಡೆಯಲ್ಲಿವೆ.

ಕಲ್ಲು ಉದುರದಂತೆ ಆ ಗೋಡೆಗೆ ಚಪ್ಪಡಿ ಹೊದಿಸಬೇಕೆಂದು ಊರವರು ನಿರ್ಧರಿಸಿದ್ದಾರೆ. ಹೊದಿಸಿದರೆ ಅದು ಮುಚ್ಚಿಹೋಗುತ್ತದೆ. ನಾನು ಸಭೆಗೆ ಹೋದೆ. ಜೂನ್ ಆದಮೇಲೆ ಹೋದದ್ದು ಇದೇ ಮೊದಲು. ಕೊರಕಲಿನ ತುಂಡನ್ನು ಬಿಟ್ಟು ಉಳಿದದ್ದಕ್ಕೆ ಹೊದಿಸೋಣ, ನನ್ನ ತಂಗಿ ಮುಂದಿನ ಬೇಸಿಗೆಯಲ್ಲಿ ಬಂದು ನೋಡಲಿ ಎಂದೆ. "ಅಲ್ಲಿವರೆಗೆ ಬೀಳೋ ಕಲ್ಲನ್ನ ಯಾರಪ್ಪಾ ಎತ್ತೋರು?" ಎಂದರು. ನಾನು ಎಂದೆ. "ಚಳಿಗಾಲ ಕಳೆದು ಏಪ್ರಿಲಲ್ಲೂ ನೀನೇನಾ?" ಎಂದಳು ಅತ್ತೆ. ಹೂಂ ಎಂದೆ. ಒಪ್ಪಿದ್ದಾರೆ.

ಬೇಡವಾದದ್ದಾದರೆ ಕೂಡಲೇ ಬರೆ, ಮುಚ್ಚಿಬಿಡುತ್ತೇವೆ. ನನ್ನ ಸೊಂಟ ಬಿದ್ದುಹೋಗಿದೆ.

ತಕ್ಪಾ


ಚಂಡೀಗಢ
ಅಕ್ಟೋಬರ್ 5

ಅಚೊ,

ನಿನಗೆ ಬುದ್ಧಿ ಇದೆಯೇ?

ಇದು ನನಗೆ ಬೇಕಾದದ್ದೇ. ಕೊರಕಲಿಗಿಂತ ಚೆನ್ನಾಗಿದೆ. ನಿನ್ನ ಕಾಗದ ಓದಿ ಪ್ರೊಫೆಸರ್ ಎರಡು ಸಲ ಕನ್ನಡಕ ಒರೆಸಿಕೊಂಡರು. ಅದು ಒಂದು ಕಡೆ ಇರಲಿ.

ಕರಿಜೇಡಿ ನೀರು ಕುಡಿಯುವ ಬಂಡೆ. ಕುಡಿದು ಉಬ್ಬುತ್ತದೆ, ಚಳಿಗೆ ಒಳಗೊಳಗೇ ಹೆಪ್ಪುಗಟ್ಟಿ ಬಿರಿಯುತ್ತದೆ, ಬೇಸಿಗೆಗೆ ಕರಗಿ ಇಡಿಯಾಗಿ ಜಾರುತ್ತದೆ. ಹಳೆಯ ಕಾಲುವೆ ಹೋದದ್ದೇ ಹಾಗೆ. ಈ ಚಳಿಗಾಲ ಆ ತುಂಡನ್ನು ತೆರೆದು ಬಿಟ್ಟರೆ ಏಪ್ರಿಲಿನಲ್ಲಿ ನಿನಗೆ ಎತ್ತಲು ಕಲ್ಲೂ ಇರುವುದಿಲ್ಲ, ಕಾಲುವೆಯೂ ಇರುವುದಿಲ್ಲ. ಇಷ್ಟು ತಿಳಿದ ನಾನು ಜುಲೈನಲ್ಲೇ ಹೇಳಿ ಬರಬೇಕಿತ್ತು. ಅರ್ಧ ಪ್ರಬಂಧ ಹೋಯಿತು ಎಂಬ ಹೊಟ್ಟೆಯುರಿಯಲ್ಲಿ ಮರೆತೆ.

ಹೊದಿಸಿಬಿಡಿ. ಇಡೀ ಗೋಡೆ, ಒಂದು ಗೇಣೂ ಬಿಡದೆ. ನೆಲ ಹೆಪ್ಪುಗಟ್ಟುವ ಮೊದಲು. ನನಗಾಗಿ ಒಂದು ದಿನವೂ ಕಾಯಬೇಡಿ, ನಿನ್ನ ಕಾಲಿಗೆ ಬೀಳುತ್ತೇನೆ. ಇದನ್ನು ಕಾಜಾಕ್ಕೆ ಹೋಗುವ ಟ್ರಕ್ಕಿನವನ ಕೈಯಲ್ಲಿ ಕೊಡುತ್ತಿದ್ದೇನೆ, ಅಂಚೆಯನ್ನು ನಂಬಿ ಕೆಟ್ಟಿದ್ದು ಸಾಕು. ರಜೆ ಸಿಕ್ಕ ಕೂಡಲೇ ನಾನೂ ಕಿನ್ನೌರ್ ದಾರಿ ಹಿಡಿದು ಹೊರಡುತ್ತೇನೆ. ಬರುವಷ್ಟರಲ್ಲಿ ಮುಚ್ಚಿದ್ದರೆ ಮುಚ್ಚಿರಲಿ. ನಿಮ್ಮನ್ನೆಲ್ಲ ನೋಡಿಕೊಂಡು ಬರುತ್ತೇನೆ.

ಪಲ್ಮೋ


ಕಾಜಾದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೊಡಲು
ಅಕ್ಟೋಬರ್ 14

ಪಲ್ಮೋ,

ನೀನು ಬಸ್ಸಿಳಿದರೆ ಮೊದಲು ಇಲ್ಲಿಗೇ ಬರುತ್ತೀಯ ಎಂದು ಇದನ್ನು ಇಲ್ಲಿ ಬಿಟ್ಟಿದ್ದೇನೆ. ನಿನ್ನ ಕಾಗದವನ್ನು ಸಭೆಯಲ್ಲಿ ಓದಿದೆ. ಎಲ್ಲರೂ ನನಗೆ ಬೈದರು. ಆಮೇಲೆ ಎಲ್ಲರೂ ಚಪ್ಪಡಿ ಹೊತ್ತರು.

ಚಹಾ ಕುಡಿಯುತ್ತ ಕೂರಬೇಡ. ಶಾಲೆಗೆ ಅಕ್ಕಿ ತರುವ ಜೀಪು ಮಧ್ಯಾಹ್ನ ಹೊರಡುತ್ತದೆ, ಹತ್ತಿಬಿಡು. ಕೆಲಸವನ್ನು ಎರಡು ತುದಿಯಿಂದಲೂ ಕಟ್ಟುತ್ತ ಬರುತ್ತಿದ್ದೇವೆ. ಕೊರಕಲು ನಡುವಿನಲ್ಲಿದೆ. ಅದನ್ನು ಮುಚ್ಚುವುದು ಕೊನೆಗೆ.

ಅತ್ತೆ ಕುಂಜೋಮ್ ನಿನ್ನೆಯಿಂದ ಸಣ್ಣ ಸಣ್ಣ ಚಪ್ಪಡಿಗಳನ್ನೇ ಹೊರುತ್ತಿದ್ದಾಳೆ. ಕೇಳಿದರೆ, "ಅವಸರ ಏನು?" ಎನ್ನುತ್ತಾಳೆ.

ಬೇಗ ಬಾ.

ಅಚೊ